ಮಸ್ಕತ್‌ನಲ್ಲಿ ಕೋಲಾರದ ಕೂಟ: ನನ್ನ ಅನುಭವ

ಮಸ್ಕತ್‌ನಲ್ಲಿ ಕನ್ನಡದ ಪ್ರಾರ್ಥನಾ ಕೂಟ ನಿಲ್ಲುವುದಿಲ್ಲ ಅಂದವರು ಒಬ್ಬಿಬ್ಬರಲ್ಲ. ಹೊರಡುವಾಗ ನಮ್ಮ ಚರ್ಚಿನ ಅಯ್ಯನವರೇ, "ಅಲ್ಲಿ ಮಲಯಾಳಿಗಳ ಸಭೆ ದೊಡ್ಡದಿದೆಯಂತೆ, ಸುಮ್ಮನೆ ಅಲ್ಲಿಗೇ ಹೋಗಮ್ಮ" ಅಂದಿದ್ದರು. ನನಗಿಂತ ಮೊದಲೇ ಹೋಗಿದ್ದ ತುಮಕೂರಿನ ಮೇಷ್ಟ್ರು, "ಎಷ್ಟೋ ಸಲ ಶುರುವಾಯ್ತು, ಎಷ್ಟೋ ಸಲ ಮುಚ್ಚಿಹೋಯ್ತು" ಅಂತ ಕೈ ಚೆಲ್ಲಿದರು. ನಾನು ಕೋಲಾರಕ್ಕೆ ವಾಪಸ್ ಬಂದು ಎರಡು ವರ್ಷದ ಮೇಲಾಯಿತು. ಕೂಟ ಮಾತ್ರ ಈಗಲೂ ನಡೆಯುತ್ತಿದೆ, ಶುಕ್ರವಾರಕ್ಕೆ ಮೂವತ್ತರ ಹತ್ತಿರ ಜನ ಸೇರುತ್ತಾರೆ. ಈಚೆಗೆ ಚಿಕ್ಕಬಳ್ಳಾಪುರ, ಬಂಗಾರಪೇಟೆ ಕಡೆಯಿಂದ ಟೀಚರ್ ಕೆಲಸಕ್ಕೆ ಹೊರಟವರು ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ವೀಸಾ, ಅಟೆಸ್ಟೇಷನ್, ಡೆಮೊ ಕ್ಲಾಸು ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಾನು ಹೈಸ್ಕೂಲ್ ಗಣಿತದವಳು. ಸಂಬಳ 350 ರಿಯಾಲ್ ಆಸುಪಾಸು, ಬಾಡಿಗೆಗೇ 130 ಹೋಗುತ್ತಿತ್ತು. ಆಗ ರಿಯಾಲಿಗೆ 170-180 ರೂಪಾಯಿ ಇತ್ತು ಅಂತ ನೆನಪು. ಭಾನುವಾರ ಸ್ಕೂಲು, ಶುಕ್ರವಾರ ಮತ್ತು ಶನಿವಾರ ರಜೆ, ಆದ್ದರಿಂದ ಆರಾಧನೆ ಶುಕ್ರವಾರ. ಭಾನುವಾರ ಬೆಳಿಗ್ಗೆ ಏಳಕ್ಕೆ ತ್ರಿಕೋನಮಿತಿ ಹೇಳಿಕೊಡುತ್ತಾ ನಿಂತಾಗ, ಕೋಲಾರದಲ್ಲಿ ಈ ಹೊತ್ತಿಗೆ ಗಂಟೆ ಹೊಡೆದು ಎಲ್ಲರೂ ಒಳಗೆ ಕೂತಿರುತ್ತಾರೆ ಅನ್ನಿಸಿ ಹೊಟ್ಟೆ ಕಿವುಚುತ್ತಿತ್ತು. ಹೋದ ಹೊಸದರಲ್ಲಿ ಯಾಕಾದರೂ ಬಂದೆನೋ ಅಂತ ಅಳದ ವಾರ ಇರಲಿಲ್ಲ.

ಜಾಗದ ವಿಷಯ ಮೊದಲೇ ಹೇಳುತ್ತೇನೆ, ಇದರಲ್ಲಿ ಎಡವಬಾರದು. ಓಮಾನ್‌ನಲ್ಲಿ ಕ್ರೈಸ್ತರಿಗೆ ಆರಾಧನೆಗೆ ತಡೆ ಇಲ್ಲ. ಸುಲ್ತಾನ್ ಖಾಬೂಸ್ ಕೊಟ್ಟ ಜಾಗದಲ್ಲೇ ರೂವಿ ಮತ್ತು ಘಲಾದಲ್ಲಿ ಚರ್ಚ್ ಕಾಂಪೌಂಡುಗಳಿವೆ. ಆದರೆ ಮನೆಗಳಲ್ಲಿ ಕೂಟ ಸೇರುವ ಹಾಗಿಲ್ಲ, ಹೊರಗಿನವರಿಗೆ ಬೋಧಿಸುವ ಹಾಗೂ ಇಲ್ಲ. ಎಲ್ಲಾ ಭಾಷೆಯ ಸಭೆಗಳೂ ಅದೇ ಕಾಂಪೌಂಡಿನ ಹಾಲುಗಳಲ್ಲಿ ಗಂಟೆ ಲೆಕ್ಕದಲ್ಲಿ ಸರದಿ ಹಿಡಿಯುತ್ತವೆ. "ಫ್ಲಾಟ್‌ನಲ್ಲೇ ಸೇರಿಬಿಡೋಣ, ಯಾರಿಗೆ ಗೊತ್ತಾಗುತ್ತೆ" ಅನ್ನುವವರು ಸಿಗುತ್ತಾರೆ. ನಾನು ಒಂದು ದಿನವೂ ಒಪ್ಪಲಿಲ್ಲ. ಲಾಹೋರಿನ ಮೊದಲ ಬಿಷಪ್ ಆಗಿದ್ದ ಥಾಮಸ್ ವಾಲ್ಪಿ ಫ್ರೆಂಚ್ ವಯಸ್ಸಾದ ಕಾಲದಲ್ಲಿ ಒಬ್ಬರೇ ಮಸ್ಕತ್‌ಗೆ ಬಂದು, 1891ರಲ್ಲಿ ಅಲ್ಲೇ ತೀರಿಕೊಂಡರು. 1893ರಲ್ಲಿ ಅಮೆರಿಕದ ಮಿಷನ್‌ನವರು ಬಂದು ನೆಲೆ ನಿಂತರು. ಅಷ್ಟು ಹಿಂದಿನಿಂದ ಅಲ್ಲಿ ಉಳಿಸಿಕೊಂಡು ಬಂದ ಒಳ್ಳೇ ಹೆಸರನ್ನು ನಮ್ಮ ಅನುಕೂಲಕ್ಕೆ ಕೆಡಿಸಬಾರದು.

ಇನ್ನು ಕೆಲಸಕ್ಕೆ ಬಾರದ ದಾರಿಗಳು. ಇಂಗ್ಲಿಷ್ ಆರಾಧನೆ ಮುಗಿದ ಮೇಲೆ ಟೀ ಹತ್ತಿರ ನಿಂತು ಕನ್ನಡ ಕಿವಿಗೆ ಬೀಳುತ್ತದಾ ಅಂತ ಕಾಯುವುದು: ತಿಂಗಳುಗಟ್ಟಲೆ ಕಾದರೂ ನಾಲ್ಕೈದು ಮಂಗಳೂರಿನವರು ಸಿಕ್ಕರು, ಅವರಿಗೆ ಅವರದೇ ಬಳಗ ಇತ್ತು. ಹೋಟೆಲ್ ಊಟಕ್ಕೆ ಕರೆಯುವುದು: ಸಲಕ್ಕೆ ಇಪ್ಪತ್ತು ರಿಯಾಲ್ ಬಿಲ್ಲು, ಮುಂದಿನ ವಾರ ಯಾರೂ ಇಲ್ಲ. ಕನ್ನಡದಲ್ಲೇ ಹಾಡಬೇಕು, ಕನ್ನಡದಲ್ಲೇ ಪ್ರಾರ್ಥಿಸಬೇಕು ಅನ್ನುವ ನಿಯಮ ತುಮಕೂರಿನ ಮೇಷ್ಟ್ರದು. ಅದು ಬಂದಿದ್ದ ಅರ್ಧ ಜನರನ್ನು ಓಡಿಸಿತು. ಸಭೆಗಳ ಲೆಕ್ಕವೂ ನಡುವೆ ಬಂತು. ಕೋಲಾರದ ನಾವು ಮೆಥೋಡಿಸ್ಟ್, ತುಮಕೂರು ಗುಬ್ಬಿ ಕಡೆಯವರು ವೆಸ್ಲಿಯನ್ ಮಿಷನ್‌ನಿಂದ 1947ರಲ್ಲಿ ಸಿಎಸ್ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವರು, ಚಿಕ್ಕಬಳ್ಳಾಪುರದವರು ಲಂಡನ್ ಮಿಷನ್ ಬೇರಿನವರು. ಕೀರ್ತನೆ ಯಾವ ರಾಗದಲ್ಲಿ ಅಂತಲೇ ಒಂದು ಶುಕ್ರವಾರ ಪೂರ್ತಿ ಹೋಯಿತು.

ದಾರಿ ತೆರೆದದ್ದು ಶ್ರೀನಿವಾಸಪುರ ಕಡೆಯ ಒಬ್ಬ ಹೆಂಗಸಿನಿಂದ. ಸೀಬ್‌ನಲ್ಲಿ ಮನೆಗೆಲಸಕ್ಕಿದ್ದಳು. ಹಾಲ್ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಕನ್ನಡ ಸತ್ಯವೇದ, ಅಂದರೆ ಬೈಬಲ್. ಅವಳ ತಾಯಿ ಕೊಟ್ಟು ಕಳಿಸಿದ್ದು, ಓದಲು ಬಾರದು. "ಟೀಚರಮ್ಮಾ, ಒಂಚೂರು ಓದ್ತೀರಾ" ಅಂದಳು. ಓದಿದೆ. ಮುಂದಿನ ಶುಕ್ರವಾರ ಇಬ್ಬರನ್ನು ಕರೆದುಕೊಂಡು ಬಂದಳು. ಅದರ ಮುಂದಿನ ವಾರ, "ನೀವು ಎಷ್ಟು ದಿನ ಅಂತ ಓದ್ತೀರಿ, ನಮಗೇ ಬರೋ ಹಂಗೆ ಮಾಡಿ" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇವರು ನನ್ನನ್ನು ಯಾಕೆ ಅಲ್ಲಿಗೆ ಕಳಿಸಿದ ಅನ್ನುವ ಪ್ರಶ್ನೆಗೆ ಅವಳ ಬಾಯಿಂದಲೇ ಉತ್ತರ ಬಂತು ಅಂತ ನಾನು ಇವತ್ತಿಗೂ ನಂಬುತ್ತೇನೆ. ಸಂಬಳಕ್ಕೆ ಗಣಿತ, ಕರೆಗೆ ಅಕ್ಷರ.

ವರ್ಣಮಾಲೆಯಿಂದ ಶುರು ಮಾಡಲಿಲ್ಲ. ಹದಿನೈದು ದಿನಕ್ಕೊಂದು ಸಲ ಎರಡು ಗಂಟೆ ಬಿಡುವು ಸಿಗುವವರಿಗೆ ಅ ಆ ಇ ಈ ಮುಗಿಯುವುದರೊಳಗೆ ಕಾಂಟ್ರಾಕ್ಟೇ ಮುಗಿಯುತ್ತದೆ. ಮೊದಲು ಸತ್ಯವೇದದ 117ನೇ ಕೀರ್ತನೆ. ಎರಡೇ ವಚನ, ಮುಗಿಸಿದೆ ಅನ್ನುವ ಧೈರ್ಯಕ್ಕೆ. ಆಮೇಲೆ ನೇರವಾಗಿ 136ನೇ ಕೀರ್ತನೆ. ಅದರ 26 ವಚನಗಳೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ, ಆತನ ಕೃಪೆ ಶಾಶ್ವತ ಅನ್ನುವ ಸಾಲು. ಹಾಡಿನಿಂದ ಅದು ಎಲ್ಲರಿಗೂ ಬಾಯಿಪಾಠ. ಆದ್ದರಿಂದ ಪ್ರತಿ ವಚನದ ದ್ವಿತೀಯಾರ್ಧಕ್ಕೆ ಬೆರಳು ಬಂದ ತಕ್ಷಣ ದನಿ ಏರುತ್ತದೆ, ಹೊಸದಾಗಿ ಓದಬೇಕಾದ್ದು ಮೊದಲರ್ಧ ಮಾತ್ರ. ಕೃಪೆಯ ವಟ್ರಸುಳಿ, ಶಾಶ್ವತದ ವ ಒತ್ತು ಇಪ್ಪತ್ತಾರು ಸಲ ಕಣ್ಣಿಗೆ ಬೀಳುತ್ತವೆ. ಒತ್ತಕ್ಷರ ಅಂದರೇನು ಅಂತ ನಾನು ಯಾರಿಗೂ ಪಾಠ ಮಾಡಿಲ್ಲ. ಆಮೇಲೆ ಮಾರ್ಕನ ಸುವಾರ್ತೆ, ಹದಿನಾರೇ ಅಧ್ಯಾಯ. ಶ್ರೀನಿವಾಸಪುರದವಳು ಅದನ್ನು ಮುಗಿಸಲು ಒಂದೂವರೆ ವರ್ಷದ ಹತ್ತಿರ ಹಿಡಿಯಿತು. ಮುಗಿಸಿದ ದಿನ ಕೊನೇ ಅಧ್ಯಾಯವನ್ನು ಎಲ್ಲರೆದುರು ಎದ್ದು ನಿಂತು ಓದಿದಳು.

ವಾರದ ನಡುವೆ ವಾಯ್ಸ್ ಮೆಸೇಜು. ಓಮಾನ್‌ನಲ್ಲಿ ವಾಟ್ಸಾಪ್ ಕರೆ ಹೋಗುತ್ತಿರಲಿಲ್ಲ, ವಾಯ್ಸ್ ಹೋಗುತ್ತಿತ್ತು. ಒಂದು ನಿಮಿಷ ಮೀರದ ಹಾಗೆ ಒಂದೇ ವಚನ, ಮೊದಲು ನಿಧಾನ, ಆಮೇಲೆ ಸಹಜ ವೇಗ. ರಾತ್ರಿ ಅಡುಗೆಮನೆ ಒರೆಸಿ ಮುಗಿಸಿದ ಮೇಲೆ ಅವರು ಕಿವಿಗಿಟ್ಟುಕೊಂಡು ಪುಟದ ಮೇಲೆ ಬೆರಳಾಡಿಸಿ, ತಾವೂ ಓದಿ ಕಳಿಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಕಾಂಪೌಂಡಿಗೆ ಬೀಗ ಬಿದ್ದಾಗ ಇನ್ನು ಮುಗಿಯಿತು ಅಂದರು ಎಲ್ಲರೂ. ಈ ವಾಯ್ಸ್ ಮೆಸೇಜಿನಿಂದಲೇ ಒಬ್ಬರೂ ಕಳಚಿಕೊಳ್ಳಲಿಲ್ಲ.

ಭಾಷೆಯಲ್ಲಿ ನಮ್ಮ ಜಿಲ್ಲೆಗೆ ಇರುವ ಭಾಗ್ಯ ಬೇರೆ ಕಡೆಯವರಿಗಿಲ್ಲ. ಶ್ರೀನಿವಾಸಪುರ, ಮುಳಬಾಗಿಲಿನವರಿಗೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಕೆಜಿಎಫ್ ಕಡೆಯವರಿಗೆ ತಮಿಳು. ನನಗೆ ಮೂರೂ ಬರುತ್ತದೆ. ಪ್ರಾರ್ಥನೆ ಯಾರಿಗೆ ಯಾವುದು ಬಾಯಿಗೆ ಬರುತ್ತದೋ ಅದರಲ್ಲಿ, ಓದು ಕನ್ನಡದಲ್ಲಿ. ಮದನಪಲ್ಲಿ ಕಡೆಯ ಇಬ್ಬರಿಗೆ ತೆಲುಗು ಅಕ್ಷರ ಗೊತ್ತಿತ್ತು. ಕ, ತ, ಶದಂಥ ಕೆಲವು ಅಕ್ಷರ ಮತ್ತು ತಲೆಕಟ್ಟು ತೋರಿಸಿದ್ದಷ್ಟೇ, ಒಂದೆರಡು ತಿಂಗಳಲ್ಲಿ ಕನ್ನಡ ಓದಿಬಿಟ್ಟರು. ಭಾಷೆ ಬೆರೆಸಿದರೆ ಕೂಟ ಒಡೆಯುತ್ತದೆ ಅಂದಿದ್ದ ಮೇಷ್ಟ್ರೇ ಈಗ ತೆಲುಗು ಹಾಡಿಗೆ ತಾಳ ಹಾಕುತ್ತಾರೆ.

ದುಡ್ಡು ಹೆಚ್ಚು ಹೋದದ್ದು ವ್ಯಾನಿಗೆ. ಸೀಬ್‌ನಿಂದ ಅಲ್ ಖುವೈರ್ ಮೇಲೆ ರೂವಿಗೆ, ಹೋಗಿ ಬರಲು ಹನ್ನೆರಡರಿಂದ ಹದಿನೈದು ರಿಯಾಲ್. ಮನೆಗೆಲಸದವರ ಸಂಬಳ ನೂರು ರಿಯಾಲ್ ಮುಟ್ಟುವುದೇ ಕಷ್ಟ, ಅವರ ಹತ್ತಿರ ಒಂದು ಬೈಸಾ ಕೇಳಬಾರದು ಅಂತ ಮೊದಲೇ ತೀರ್ಮಾನ. ನರ್ಸುಗಳು, ಟೀಚರುಗಳು ಹಾಕಿಕೊಂಡೆವು. ಅಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದೂವರೆ ಲಕ್ಷ ರೂಪಾಯಿ ಹೋಗಿರಬಹುದು. ಮನೆ ಸಾಲ ಇರುವಾಗ ಇದೆಲ್ಲ ಯಾಕೆ ಅಂತ ನಮ್ಮವರು ಒಂದು ರಜೆಯಲ್ಲಿ ಜೋರಾಗಿಯೇ ಕೇಳಿದರು. ಆ ಹೆಂಗಸು ಓದಿ ಕಳಿಸಿದ ವಾಯ್ಸ್ ಕೇಳಿಸಿದೆ. ಮುಂದೆ ಅವರೇ ತಿಂಗಳಿಗೆ ಒಂದಿಷ್ಟು ಕಳಿಸಿಕೊಟ್ಟರು.

ನಡುನಡುವೆ ಬೇರೆ ಪ್ರಯೋಗಗಳೂ ಆದವು. ತಬಲಾ ತರಿಸಿದೆವು, ಪಕ್ಕದ ಹಾಲಿನವರು ಆಕ್ಷೇಪಿಸಿದರು, ಕಂಜೀರಕ್ಕೆ ಇಳಿದೆವು. ತಿಂಗಳಿಗೊಮ್ಮೆ ಮುದ್ದೆ ಊಟ: ರೂವಿಯ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಬಸ್ಸಾರಿಗೆ ಸೊಪ್ಪೂ ಸಿಗುತ್ತದೆ. ಮುದ್ದೆ ದಿನ ಹಾಜರಿ ಹತ್ತು ಹೆಚ್ಚು. ನಮ್ಮ ಸಭೆಯ ಹತ್ತನೇ ಕ್ಲಾಸ್ ಹುಡುಗರನ್ನು ಓದಿಸಲು ಕೂರಿಸಿ ನೋಡಿದೆ. ಹೆಂಗಸರು ನಾಚಿಕೊಂಡರು, ಹುಡುಗಿಯರನ್ನು ಕೂರಿಸಿದ ಮೇಲೆ ಸರಿಹೋಯಿತು.

ಯಜಮಾನರ ಮನೆಯವರ ಹತ್ತಿರ ಶುಕ್ರವಾರದ ಬಿಡುವನ್ನು ಹೇಗೆ ಕೇಳಬೇಕು ಅನ್ನುವುದಕ್ಕೆ ನಮ್ಮದೊಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೋಗುವವರು ಕೋಲಾರಕ್ಕೆ ಬಂದರೆ ಕೂತು ಹೇಳುತ್ತೇನೆ. ಹಾಲ್ ಸರದಿಯಲ್ಲಿ ಮಧ್ಯಾಹ್ನದ ಒಳ್ಳೇ ಹೊತ್ತು ಹಿಡಿದದ್ದೂ ಹಾಗೆಯೇ.

ಪುಸ್ತಕಗಳನ್ನು ಕಟ್ಟುಕಟ್ಟಾಗಿ ಒಯ್ಯಬೇಡಿ, ಅದಕ್ಕೆ ಅಲ್ಲಿ ಅನುಮತಿ ಬೇಕು. ನಿಮ್ಮ ಸ್ವಂತಕ್ಕೆ ಒಂದು ಸತ್ಯವೇದ ಸಾಕು, ದಪ್ಪ ಅಕ್ಷರದ್ದನ್ನೇ ಆರಿಸಿಕೊಳ್ಳಿ. ಅಡುಗೆಮನೆಯ ಬೆಳಕಿನಲ್ಲಿ ಸಣ್ಣ ಅಚ್ಚು ಕಾಣುವುದಿಲ್ಲ ಅಂತ ಕೂಟದ ಹೆಂಗಸರು ಬೈಯುತ್ತಾರೆ. ಮುಂದಿನ ಏಪ್ರಿಲ್‌ಗೆ ಮಸ್ಕತ್‌ಗೆ ಹೋಗುವವರು ನನಗೊಂದು ಮಾತು ತಿಳಿಸಿ. ಶುಕ್ರವಾರ ವ್ಯಾನು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಶ್ರೀನಿವಾಸಪುರದವಳೇ ನಿಮಗೆ ಬರೆದು ಕಳಿಸುತ್ತಾಳೆ.