ಸಿಗದ ಬ್ಯಾಲೆನ್ಸ್ ಸ್ಟಾಫನ್ನು ಲೇತಿನಲ್ಲೇ ಮಾಡಿದೆ

"ರೋಲೆಕ್ಸ್ ಸ್ಟಾಫನ್ನ ಬಳೇಪೇಟೆಯಲ್ಲಿ ಕೂತು ಮಾಡ್ತೀಯಾ? ಹೋಗಯ್ಯ, ವಾಚನ್ನ ವಾಪಸ್ ಕೊಟ್ಟುಬಿಡು" ಅಂದಿದ್ದರು ಬೆಂಗಳೂರಿನ ನಮ್ಮ ಬೀದಿಯ ಹಿರಿಯ ವಾಚ್ ರಿಪೇರಿಯವರು. ಅವರದು ನಲವತ್ತು ವರ್ಷದ ಕೈ. ಸ್ಟಾಫ್ ಅಂದರೆ ವಾಚಿನೊಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಅಚ್ಚು. ಆದರೂ ಲೇತಿನಲ್ಲಿ (ಲೋಹ ಕಡೆಯುವ ಯಂತ್ರ) ಮಾಡಿದೆ. ವಾಚು ಎಂಟು ತಿಂಗಳಿಂದ ಗಿರಾಕಿಯ ಕೈಯಲ್ಲಿದೆ, ದಿನಕ್ಕೆ ನಾಲ್ಕೈದು ಸೆಕೆಂಡು ಮುಂದೆ ಹೋಗುತ್ತದೆ, ಅಷ್ಟೇ.

ಅದು 70ರ ದಶಕದ ಡೇಟ್‌ಜಸ್ಟ್ 1601, ಒಳಗಿನ ಯಂತ್ರ 1575. ಬಚ್ಚಲುಮನೆ ನೆಲಕ್ಕೆ ಬಿದ್ದು ಸ್ಟಾಫಿನ ಮೇಲಿನ ಪಿವಟ್, ಅಂದರೆ ಅದು ತಿರುಗುವ ಸಣ್ಣ ತುದಿ, ಮುರಿದಿತ್ತು. ಗಿರಾಕಿ ಹೊಸ ಸ್ಟೀಲ್ ಮಾಡೆಲ್‌ಗೆ ಹೆಸರು ಬರೆಸಿ, ಕಾದು ಬೇಸತ್ತು, ಅಪ್ಪನ ಬೀರುವಿನಿಂದ ಇದನ್ನು ತೆಗೆದವರು. 2021-22ರಿಂದ ಇಂಥವರು ನನ್ನಲ್ಲಿಗೆ ಬರುವುದು ಜಾಸ್ತಿಯಾಗಿದೆ. ರೋಲೆಕ್ಸ್ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆಂಬ ಅಂದಾಜಿದೆ, ಆದರೂ ಕೇಳಿದ ಮಾಡೆಲ್ ಕೈಗೆ ಬರುವುದಿಲ್ಲ. ಆ ಅಭಾವದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಿಡಿಭಾಗದ ಅಭಾವ ನಮ್ಮ ಬೆಂಚಿಗೆ ಮಾತ್ರ ಗೊತ್ತು.

ಮೊದಲು ಸುಲಭದ ದಾರಿ ಹಿಡಿದೆ. ಹೊರದೇಶದ ಒಬ್ಬ ಮಾರಾಟಗಾರನಿಂದ "ಒರಿಜಿನಲ್" ಸ್ಟಾಫ್ ತರಿಸಿದೆ. ಡ್ಯೂಟಿ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಬಂದದ್ದು ನಕಲಿ. ಪಿವಟ್ ತುದಿಗೆ ಹೋದಂತೆ ಸಣ್ಣಗಾಗಿತ್ತು, ಬ್ಯಾಲೆನ್ಸ್ ಚಕ್ರಕ್ಕೆ ರಿವೆಟ್ ಆಗಿ ಕೂರುವ ಭಾಗ ದಪ್ಪ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಮುಂಬೈಯಿಂದ 8 ಮಿ.ಮೀ. ಹಳೇ ಬೋಲೆ ಲೇತ್ ತಂದೆ. ಎಪ್ಪತ್ತು ಸಾವಿರದಷ್ಟಾಯಿತು, ಕಡ್ಡಿ ಹಿಡಿಯುವ ಕಾಲೆಟ್‌ಗಳಿಗೆ ಇನ್ನೊಂದು ಇಪ್ಪತ್ತು. ಮನೆಯಲ್ಲಿ ಮಾತು ಬಿಟ್ಟರು. ಗಿರಾಕಿಯ ವಾಚಿನ ಮೇಲೆ ಕೈ ಪಳಗಿಸುವ ಹಾಗಿಲ್ಲವಲ್ಲ, ಹಾಗಾಗಿ ಎಸ್‌ಜೆಪಿ ರಸ್ತೆಯ ಸಂಡೇ ಬಜಾರಿನಲ್ಲಿ ನಿಂತುಹೋದ ಎಚ್‌ಎಂಟಿ ಜನತಾ ಹತ್ತು ಹನ್ನೆರಡು ಹೆಕ್ಕಿದೆ, ಒಂದಕ್ಕೆ ಇನ್ನೂರರ ಆಸುಪಾಸು. ಮೂರು ತಿಂಗಳು ಕೈಗೆ ಪಾಠ ಹೇಳಿದ್ದು ಜನತಾನೇ.

ಮಧ್ಯೆ ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದರ ಭಾಗ ಹೊಂದುತ್ತದೆಯೇ ಎಂದೂ ಪರೀಕ್ಷಿಸಿದೆ. ತನ್ನ ಇಟಿಎ ಕಂಪನಿಯ ಅರೆಜೋಡಣೆಯ ವಾಚಿನ ಯಂತ್ರ, ಅಂದರೆ ಎಬೋಷ್‌ಗಳನ್ನು ಹೊರಗಿನವರಿಗೆ ಕೊಡುವುದು ನಿಲ್ಲಿಸುತ್ತೇವೆ ಎಂದು ಸ್ವಾಚ್ ಗ್ರೂಪ್ 2002ರಲ್ಲೇ ಹೇಳಿತ್ತಲ್ಲ, ಅಂಥದೇ ಯಂತ್ರ ಮಾಡುವ ಸೆಲ್ಲಿಟಾ ಕಂಪನಿ ಬೆಳೆದದ್ದು ಆ ಜಾಗದಲ್ಲಿ. ಇಟಿಎ 2824ಕ್ಕೆ ಸೆಲ್ಲಿಟಾ ಎಸ್‌ಡಬ್ಲ್ಯು200ರ ಭಾಗ ಹಾಕಿ ನೋಡಿದೆ, ಬಹುಪಾಲು ಸರಿಹೋದವು. ಹೀಗೆ ಎರಡು ಸತ್ತ ವಾಚು ಓಡಿಸಿದೆ. 1575ಕ್ಕೆ ಇಂಥ ಅಣ್ಣತಮ್ಮ ನನಗೆ ಸಿಗಲಿಲ್ಲ.

ಹಳೇ ಸ್ಟಾಫನ್ನು ಗುದ್ದಿ ತೆಗೆಯಬೇಡಿ, ರಿವೆಟನ್ನು ಲೇತಿನಲ್ಲೇ ಕತ್ತರಿಸಿ. ಗುದ್ದಿದರೆ ಬ್ಯಾಲೆನ್ಸಿನ ತೂತು ಹಾಳು, ಇನ್ನೊಂದು ಬ್ಯಾಲೆನ್ಸ್ ಎಲ್ಲಿಂದ ತರುತ್ತೀರಿ? ನನ್ನ ಮೊದಲ ಏಳು ಸ್ಟಾಫ್ ಕಸಕ್ಕೆ ಹೋದವು. ನಾಲ್ಕರ ಪಿವಟ್ ಬರ್ನಿಶ್ ಮಾಡುವಾಗಲೇ (ಉಜ್ಜಿ ನುಣುಪು ಮಾಡುವುದು) ಮುರಿಯಿತು. ಎರಡರಲ್ಲಿ ಹೇರ್‌ಸ್ಪ್ರಿಂಗನ್ನು (ಬ್ಯಾಲೆನ್ಸಿನ ಸುರುಳಿ) ಸ್ಟಾಫಿಗೆ ಹಿಡಿಸುವ ಉಂಗುರ ಸಡಿಲ. ಇನ್ನೊಂದು ಎಲ್ಲಿ ಹಾರಿತೋ, ಅಂಗಡಿ ಗುಡಿಸಿದರೂ ಸಿಗಲಿಲ್ಲ. ಎಂಟನೆಯದರ ಪಿವಟ್ಟನ್ನು ಮೈಕ್ರೋಸ್ಕೋಪಿನಡಿ ನೋಡಿದಾಗ ಕೂದಲಿಗಿಂತ ತುಸು ದಪ್ಪ, ಮೇಲೆ ಕಪ್ಪು ಕನ್ನಡಿಯ ಹೊಳಪು, ಒಂದು ಗೆರೆಯೂ ಇರಲಿಲ್ಲ. ಅವತ್ತೇ ಗೊತ್ತಾಯಿತು ಇದು ನಿಲ್ಲುತ್ತದೆಂದು. ಎರಡನೇ ತುದಿ ತಿರುಗಿಸುವಾಗ ಹೇಗೆ ಹಿಡಿಯುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ, ಅದಕ್ಕೆ ನಾಲ್ಕು ಪಿವಟ್ ಬೆಲೆ ಕೊಟ್ಟಿದ್ದೇನೆ.

ರಿವೆಟ್ ಮಾಡಿ, ಪಾಯ್ಸ್ (ಚಕ್ರದ ಸಮತೂಕ) ನೋಡಿ ಕೂರಿಸಿ ಎರಡು ಸುತ್ತು ಕೀ ಕೊಟ್ಟೆ. ಬ್ಯಾಲೆನ್ಸ್ ಒಮ್ಮೆ ತಡವರಿಸಿ ಓಡಿತು. ವಾಚಿನ ಓಟ ಅಳೆಯುವ ಟೈಮ್‌ಗ್ರಾಫರಿನಲ್ಲಿ ಡಯಲ್ ಮೇಲಾದಾಗ ಆಂಪ್ಲಿಟ್ಯೂಡ್, ಅಂದರೆ ಚಕ್ರದ ತೂಗಾಟ, 270 ಡಿಗ್ರಿಯ ಹತ್ತಿರ. ಹಿರಿಯರನ್ನು ಕರೆದು ಅವರ ಕೈಗೇ ಐಗ್ಲಾಸ್ ಕೊಟ್ಟೆ. ಬಹಳ ಹೊತ್ತು ನೋಡಿ, "ಇನ್ನೊಂದು ಮಾಡು, ನೋಡೋಣ" ಅಂದರು. ಮಾಡಿದೆ.

ಗಿರಾಕಿಯಿಂದ ಹದಿನೆಂಟು ಸಾವಿರ ತೆಗೆದುಕೊಂಡೆ. ಸ್ಟಾಫ್ ಕಂಪನಿಯದಲ್ಲ ಎಂದು ಬಿಲ್ಲಿನಲ್ಲೇ ಬರೆದುಕೊಟ್ಟೆ, ಇದರಲ್ಲಿ ಮುಚ್ಚುಮರೆ ಕೂಡದು. ಲೇತಿನ ದುಡ್ಡು ಅರ್ಧದಷ್ಟು ವಾಪಸ್ ಬಂದಿದೆ.

ಈಗ ತೊಂದರೆ ಸ್ಟಾಫ್ ಕಡೆಯುವ ಸ್ಟೀಲ್ ಕಡ್ಡಿಯದು. ಒಳ್ಳೆಯ ಬ್ಲೂ ಸ್ಟೀಲ್ ನನ್ನಲ್ಲಿ ಉಳಿದಿರುವುದು ಆರೇಳು ಅಂಗುಲ. ಒಂದೂವರೆ ಮಿ.ಮೀ. ದಪ್ಪದ್ದು ಯಾರ ಡಬ್ಬಿಯಲ್ಲಾದರೂ ಬಿದ್ದಿದ್ದರೆ ಹೇಳಿ, ಬೆಲೆ ಚೌಕಾಸಿ ಮಾಡುವುದಿಲ್ಲ.