ಬಾಲ ಕತ್ತರಿಸಬೇಡಿ: ಸ್ಪ್ಯಾನಿಷ್ ಕಂಡೀಷನಲ್ ನಾನು ಕಲಿತ ಬಗೆ

‘ದುಡ್ಡಿದ್ದರೆ ಕೊಳ್ಳುತ್ತಿದ್ದೆ’, ‘ರಜೆ ಸಿಕ್ಕಿದ್ದರೆ ಬರುತ್ತಿದ್ದೆ’ ಅಂತೀವಲ್ಲ, ಇಂಥ ಮಾತಿಗೆ ಸ್ಪ್ಯಾನಿಷ್‌ನಲ್ಲಿ ಕಂಡೀಷನಲ್ ಬೇಕು. ಹೊಸಬರಿಗೆ ಇಷ್ಟು ಅನುಕೂಲವಾದ ಕಾಲ ಆ ಭಾಷೆಯಲ್ಲಿ ಕಡಿಮೆ ಅಂತ ನನಗನ್ನಿಸುತ್ತದೆ.

ವರ್ತಮಾನ ಕಾಲದಲ್ಲಿ ಮೊದಲು ಕ್ರಿಯಾಪದದ ಬಾಲ ಕತ್ತರಿಸಬೇಕು. ‘ಅಬ್ಲಾರ್’ ಅಂದರೆ ಮಾತಾಡುವುದು. ‘ಆರ್’ ತೆಗೆದು ‘ಓ’ ಹಚ್ಚಿದರೆ ‘ಅಬ್ಲೊ’, ಮಾತಾಡುತ್ತೇನೆ. ಕಂಡೀಷನಲ್‌ನಲ್ಲಿ ಕತ್ತರಿಗೆ ಕೆಲಸವೇ ಇಲ್ಲ. ಇಡೀ ಪದ ಹಾಗೇ ಇಟ್ಟುಕೊಂಡು ಕೊನೆಗೆ ‘ಈಯ’ ಸೇರಿಸಿದೆ: ಅಬ್ಲರೀಯ. ನೀನು ಅಂದರೆ ಅಬ್ಲರೀಯಸ್, ನಾವು ಅಂದರೆ ಅಬ್ಲರೀಯಮೊಸ್, ಅವರು ಅಂದರೆ ಅಬ್ಲರೀಯನ್. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಹೇಳುವ ಅಬ್ಲರೀಯೈಸ್ ಇನ್ನೊಂದಿದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಬದಲು ‘ಅಬ್ಲರೀಯನ್’ ಸಾಕು. ಆರ್, ಎರ್, ಇರ್ ಮೂರೂ ಗುಂಪಿನ ಕ್ರಿಯಾಪದಗಳಿಗೆ ಇವೇ ಪ್ರತ್ಯಯಗಳು. ತಿನ್ನುವ ‘ಕೊಮೆರ್’ ಕೊಮೆರೀಯ ಆಗುತ್ತದೆ, ಬದುಕುವ ‘ಬಿವಿರ್’ ಬಿವಿರೀಯ.

ಪದ ಯಾಕೆ ಪೂರ್ತಿ ಉಳಿಯಿತು? ಈ ‘ಈಯ’ ಹಿಂದೆ ಬೇರೆಯೇ ಕ್ರಿಯಾಪದವಾಗಿತ್ತು, ‘ಅಬೆರ್’ (ಹೊಂದಿರುವುದು) ಅನ್ನುವುದರ ಭೂತಕಾಲದ ರೂಪ. ಹಳೆಯ ಸ್ಪ್ಯಾನಿಷ್‌ನಲ್ಲಿ ಇಡೀ ಪದ ಮತ್ತು ಈ ‘ಈಯ’ ನಡುವೆ ಸರ್ವನಾಮವನ್ನೂ ತೂರಿಸುತ್ತಿದ್ದರು. ಇದು ತಿಳಿದ ಮೇಲೆ ನಿಯಮ ನನಗೆ ಮರೆತೇ ಹೋಗಲಿಲ್ಲ.

ಜಾಸ್ತಿ ಅಭ್ಯಾಸ ಮಾಡಿದ್ದು ಒತ್ತಿಗೆ, ಅಂದರೆ ಯಾವ ಸ್ವರವನ್ನು ಜೋರಾಗಿ ಹೇಳಬೇಕು ಅನ್ನುವುದಕ್ಕೆ. ಆರೂ ರೂಪಗಳಲ್ಲಿ ‘ಈ’ ಮೇಲೆಯೇ ಒತ್ತು. ಬರೆಯುವಾಗ ಅದರ ಮೇಲೊಂದು ಓರೆ ಗೆರೆ ಬೇಕೇ ಬೇಕು. ಗೆರೆ ಬಿಟ್ಟರೆ ‘ಈ’ ಮತ್ತು ‘ಅ’ ಕೂಡಿ ಸುಮ್ನೆ ‘ಯ’ ಆಗಿಬಿಡುತ್ತದೆ. ಭೂತಕಾಲದ ‘ಅಸೀಯ’ ಅಂದರೆ ಹಿಂದೆ ಮಾಡುತ್ತಿದ್ದೆ, ‘ಆಸ್ಯ’ ಅಂದರೆ ಕಡೆಗೆ! ಇನ್ನೊಂದು ಜೋಡಿ ಕೊಮೀಯ, ಕೊಮೆರೀಯ. ಮೊದಲನೆಯದು ಹಿಂದೆ ದಿನಾ ತಿನ್ನುತ್ತಿದ್ದೆ, ಎರಡನೆಯದು ಸಿಕ್ಕರೆ ತಿನ್ನುತ್ತಿದ್ದೆ. ನಮಗೆ ಎರಡಕ್ಕೂ ‘ತಿನ್ನುತ್ತಿದ್ದೆ’ ಒಂದೇ ಸಾಕು, ಅಲ್ವಾ? ಅಲ್ಲಿ ನಡುವಿನ ‘ರ’ಕಾರವೇ ಗುರುತು. ಅದನ್ನು ಗಟ್ಟಿಯಾಗಿ ಹೇಳಿ ಹೇಳಿ ಕಿವಿಗೆ ರೂಢಿ ಮಾಡಿಸಿದೆ. ನಾನು, ಅವಳು, ತಾವು ಮೂವರಿಗೂ ‘ಕೊಮೆರೀಯ’ ಅಂತಲೇ ಬರುವುದರಿಂದ, ಗೊಂದಲವಾಗುವ ಕಡೆ ‘ಯೊ’, ‘ಎಯ’, ‘ಉಸ್ತೆದ್’ ಸೇರಿಸುತ್ತೇನೆ.

ಹತ್ತು-ಹನ್ನೆರಡು ಕ್ರಿಯಾಪದಗಳು ಮಾತ್ರ ಮೂಲದಲ್ಲಿ ಬದಲಾಗುತ್ತವೆ. ತೆನೆರ್ (ಹೊಂದಿರುವುದು) ‘ತೆಂದ್ರೀಯ’, ಅಸೆರ್ (ಮಾಡುವುದು) ‘ಅರೀಯ’. ಪ್ರತ್ಯಯ ಅವಕ್ಕೂ ಅದೇ. ಭವಿಷ್ಯತ್ ಕಾಲಕ್ಕೂ ಇದೇ ಮೂಲ, ಹಾಗಾಗಿ ಎರಡನ್ನೂ ಒಟ್ಟಿಗೇ ಬಾಯಿಪಾಠ ಮಾಡಿದೆ.

ಇದರ ನಿಜವಾದ ಉಪಯೋಗ ಕಂಡಿದ್ದು ಮರ್ಯಾದೆಯ ಮಾತಿನಲ್ಲಿ. ‘ಕಿಯೆರೊ ಉನ್ ಕಫೆ’ ಅಂದರೆ ನನಗೆ ಕಾಫಿ ಬೇಕು. ತಪ್ಪೇನಿಲ್ಲ, ಆದರೆ ‘ಮೆ ಗುಸ್ತರೀಯ ಉನ್ ಕಫೆ’ ಇನ್ನೂ ನಯ. ಕಲಿಯುವವರು ಪಟ್ಟಿಯಿಂದಲ್ಲ, ಈ ವಾಕ್ಯದಿಂದಲೇ ಶುರು ಮಾಡಿ. ‘ಗುಸ್ತಾರ್’ ಪೂರ್ತಿ ಹಾಗೇ ಕೂತಿದೆ, ಹಿಂದೆ ‘ಈಯ’ ಅಷ್ಟೇ.