ರ್ಯೂಕನ್ ಊರನ್ನು ನಡೆದು ತೋರಿಸುವಾಗ

ನಾರ್ವೆಯ ರ್ಯೂಕನ್‌ಗೆ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಒಂದೇ ಕಥೆ. 1943ರ ಫೆಬ್ರುವರಿಯ ಒಂದು ರಾತ್ರಿ ನಾರ್ವೆಯ ಕೆಲವು ಯೋಧರು ಹಿಮದ ಕಂದರ ಇಳಿದು ಹತ್ತಿ, ವೆಮೋರ್ಕ್ ಕಾರ್ಖಾನೆಗೆ ನುಗ್ಗಿ, ಜರ್ಮನ್ನರ ಕೈಯಲ್ಲಿದ್ದ, ಅಣುಶಕ್ತಿ ಪ್ರಯೋಗಕ್ಕೆ ಬೇಕಾದ ಭಾರಜಲ ತಯಾರಿಸುವ ಘಟಕವನ್ನು ಸ್ಫೋಟಿಸಿದ ಕಥೆ. ಗೈಡ್ ಕೆಲಸದ ಶುರುವಿನಲ್ಲಿ ನಾನೂ ಅದನ್ನೇ ಮೊದಲು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರ ಕಣ್ಣಿಗೂ ಊರು ಬೀಳುವುದೇ ಇಲ್ಲ.

ಚಳಿಗಾಲದಲ್ಲಿ ನಾನು ಊರಿನ ಚೌಕದಿಂದ ಹೊರಡುತ್ತೇನೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಈ ಕಣಿವೆಯ ತಳಕ್ಕೆ ಬಿಸಿಲು ಇಳಿಯುವುದಿಲ್ಲ, ಬೆಟ್ಟ ಅಡ್ಡ. ತಲೆ ಮೇಲೆ ನೀಲಿ ಆಕಾಶ, ಗುಡ್ಡದ ನೆತ್ತಿಯಲ್ಲಿ ಬಿಸಿಲು, ಕಾಲಬುಡದಲ್ಲಿ ಬರೀ ನೆರಳು. 2013ರಲ್ಲಿ ಗುಡ್ಡದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಅವು ಸೂರ್ಯನ ಜೊತೆ ತಿರುಗುತ್ತಾ ಚೌಕಕ್ಕೆ ಬೆಳಕು ಚೆಲ್ಲುತ್ತವೆ. ನಾನು ಎಲ್ಲರನ್ನೂ ಮೊದಲು ನೆರಳಲ್ಲೇ ಸುಮ್ನೆ ನಿಲ್ಲಿಸುತ್ತೇನೆ. ಆಮೇಲೆ ನಾಲ್ಕು ಹೆಜ್ಜೆ ಬೆಳಕಿನೊಳಕ್ಕೆ. ಯಾರೂ ಹೇಳಿಕೊಡಬೇಕಿಲ್ಲ, ಎಲ್ಲರ ಮುಖವೂ ತಾನಾಗೇ ಮೇಲಕ್ಕೆ ಹೋಗುತ್ತದೆ. ಕೆಲವರು ಗ್ಲೌಸ್ ಬಿಚ್ಚಿ ಅಂಗೈ ಒಡ್ಡುತ್ತಾರೆ.

ಆಗ ಕೇಳುತ್ತೇನೆ: ಇಷ್ಟು ಕತ್ತಲಿರುವ ಜಾಗದಲ್ಲಿ ಊರು ಯಾಕೆ ಕಟ್ಟಿದರು?

ಉತ್ತರ ಜಲಪಾತ. ರ್ಯೂಕನ್ ಜಲಪಾತ 104 ಮೀಟರ್ ಎತ್ತರದಿಂದ ಬೀಳುತ್ತಿತ್ತು. 1905ರಲ್ಲಿ ನೋರ್ಸ್ಕ್ ಹೈಡ್ರೊ ಕಂಪನಿ ಕಟ್ಟಿದ ಸಾಮ್ ಐದೆಗೆ ಬೇಕಾಗಿದ್ದದ್ದು ಆ ನೀರಿನ ಕರೆಂಟು. ವಿಜ್ಞಾನಿ ಬಿರ್ಕೆಲಾನ್ ಜೊತೆ ಸೇರಿ ಅವರು ಗಾಳಿಯಿಂದಲೇ ಗೊಬ್ಬರ ಮಾಡುವ ದಾರಿ ಕಂಡುಕೊಂಡಿದ್ದರು. ಕರೆಂಟಿನ ಕಿಡಿಯನ್ನು ಆಯಸ್ಕಾಂತದಿಂದ ತಟ್ಟೆಯಾಕಾರದಲ್ಲಿ ಹರಡಿ, ಅದರೊಳಗೆ ಗಾಳಿ ಹಾಯಿಸಿದರೆ ಆ ಬೆಂಕಿಯಲ್ಲಿ ಸಾರಜನಕ ಆಮ್ಲಜನಕದ ಜೊತೆ ಸೇರುತ್ತದೆ. ಅದನ್ನು ನೀರಿಗೆ ಹಿಡಿದರೆ ಆಮ್ಲ, ಆಮ್ಲಕ್ಕೆ ಸುಣ್ಣಕಲ್ಲು ಸೇರಿಸಿದರೆ ಗೊಬ್ಬರ. ಇದಕ್ಕೆ ಕರೆಂಟು ವಿಪರೀತ ಬೇಕು. ಕರೆಂಟನ್ನು ದೂರ ಒಯ್ಯುವುದು ಆಗ ಕಷ್ಟ. ಹಾಗಾಗಿ ಕಾರ್ಖಾನೆಯೇ ನೀರಿನ ಹತ್ತಿರ ಬಂತು, ಹಿಂದೆಯೇ ಜನರೂ ಬಂದರು. 1911ರಲ್ಲಿ ಶುರುವಾದ ವೆಮೋರ್ಕ್ ವಿದ್ಯುತ್ ಸ್ಥಾವರ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಈ ಭಾಗ ಹೇಳುವಾಗ ನನಗೆ ಇವತ್ತಿಗೂ ಮೈ ನವಿರೇಳುತ್ತದೆ. ಭಾರಜಲ ಬಂದದ್ದು ಎಷ್ಟೋ ವರ್ಷ ಆದಮೇಲೆ, ಇದೇ ಗೊಬ್ಬರದ ಕೆಲಸದ ಬೆನ್ನಿಗೆ.

ಮುಂದೆ ಮನೆಗಳ ಸಾಲು ತೋರಿಸುತ್ತೇನೆ. ಇಲ್ಲಿ ಮಾತು ಕಡಿಮೆ ಸಾಕು. ಮ್ಯಾನೇಜರುಗಳ ಮನೆ ಮೇಲೆ, ಬಿಸಿಲಿಗೆ ಹತ್ತಿರ. ಕೂಲಿಯವರದ್ದು ಕೆಳಗೆ. ಕತ್ತೆತ್ತಿ ನೋಡಿದರೆ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ವಾ?

ನಾನು ಒಂದು ತಪ್ಪು ಮಾಡಿದ್ದೆ. 1944ರ ಫೆಬ್ರುವರಿ 20, ಭಾನುವಾರ, ಉಳಿದ ಭಾರಜಲವನ್ನು ಜರ್ಮನಿಗೆ ಸಾಗಿಸುತ್ತಿದ್ದ ಹೈಡ್ರೊ ಎಂಬ ದೋಣಿಯನ್ನು ನಾರ್ವೆಯ ಯೋಧರೇ ತಿನ್ ಸರೋವರದಲ್ಲಿ ಮುಳುಗಿಸಿದರು. ಅದನ್ನು ನಾನು ಸಿನಿಮಾ ಥರ ಉತ್ಸಾಹದಿಂದ ಹೇಳುತ್ತಿದ್ದೆ. ಒಂದು ದಿನ ಗುಂಪಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಟೂರ್ ಮುಗಿದ ಮೇಲೆ ಹತ್ತಿರ ಬಂದರು. ‘ಆ ದೋಣಿಯಲ್ಲಿ ಈ ಕಣಿವೆಯ ಜನವೂ ಇದ್ದರು’ ಎಂದಷ್ಟೇ ಹೇಳಿ ಹೋದರು. ಸತ್ತವರು 18 ಮಂದಿ. ಅದರಲ್ಲಿ 14 ಮಂದಿ ನಾರ್ವೆಯವರೇ. ಮರುದಿನವೇ ಈ ಭಾಗವನ್ನು ಹೊಸದಾಗಿ ಬರೆದುಕೊಂಡೆ. ಈಗ ಮೊದಲು ಆ ಸಂಖ್ಯೆ ಹೇಳುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆಮೇಲೆ ಯಾಕೆ ಮುಳುಗಿಸಿದರು ಅನ್ನುವುದು.

ಕೊನೆಗೆ ಕ್ರೊಸ್ಸೊಬಾನೆನ್ ಕೇಬಲ್ ಕಾರು. ಜನ ಚಳಿಗಾಲದಲ್ಲೂ ಬಿಸಿಲು ಕಾಣಲಿ ಎಂದು ಕಂಪನಿ 1928ರಲ್ಲಿ ಮಾಡಿಸಿಕೊಟ್ಟಿತು. ಎರಡು ಡಬ್ಬಿ, ಒಂದು ಕೆಂಪು, ಒಂದು ನೀಲಿ. ಎರಡಕ್ಕೂ ಕಾಡುಹಣ್ಣಿನ ಹೆಸರು. ಮಕ್ಕಳಿದ್ದರೆ ಯಾವುದು ಹತ್ತಬೇಕು ಅಂತ ಅವರೇ ಹೇಳಬೇಕು. ಮೇಲೆ ಹೋಗುತ್ತಾ ಮೊದಲ ಬಿಸಿಲು ಡಬ್ಬಿಯ ಗಾಜಿಗೆ ತಾಗಿದಾಗ ನಾನು ಮಾತು ನಿಲ್ಲಿಸುತ್ತೇನೆ.